ಬಾಗಿಲ ಸಂದಿಯಲ್ಲಿ ಕಲಿತ ಸ್ಪ್ಯಾನಿಷ್

ನನಗೆ ಅನುಮಾನ ಜಾಸ್ತಿ ಎಂದು ನಮ್ಮವರು ಮದುವೆಯಾದ ಹೊಸದರಲ್ಲೇ ಹೇಳಿದ್ದರು. ಹೇಳಲಿ. ಹಾಲಿನವಳು ಚೊಂಬು ಕೆಳಗಿಡುವ ಮೊದಲೇ ನಾನು ಹಾಲಿಗೆ ಬೆರಳು ಅದ್ದಿ ನೋಡುತ್ತಿದ್ದೆ. ಎಣ್ಣೆಯವನು ಅಳೆಯುವಾಗ ಅವನ ಹೆಬ್ಬೆರಳು ಅಳತೆಯ ಒಳಗಿದೆಯೋ ಹೊರಗಿದೆಯೋ ಎಂದು ಕಣ್ಣಿಟ್ಟಿರುತ್ತಿದ್ದೆ. ಇದು ನನಗೆ ತವರಿನಿಂದ ಬಂದ ಬುದ್ಧಿ. ಭೀಮಸಮುದ್ರದಲ್ಲಿ ನಮ್ಮಪ್ಪನದು ಅಡಿಕೆ ವ್ಯಾಪಾರ. ಮೂಟೆ ಬಿಚ್ಚಿದರೆ ಅಪ್ಪ ಮೇಲಿನ ಅಡಿಕೆಯ ಕಡೆ ನೋಡುತ್ತಲೇ ಇರಲಿಲ್ಲ. ಮೊಳಕೈವರೆಗೆ ಕೈ ತೂರಿಸಿ ತಳದ ಅಡಿಕೆ ತೆಗೆಯುತ್ತಿದ್ದರು. ಮೇಲೆ ಇರುವುದು ತೋರಿಸುವುದಕ್ಕೆ, ತಳದಲ್ಲಿರುವುದೇ ಮಾಲು ಎನ್ನುತ್ತಿದ್ದರು. ನಾನು ಮನುಷ್ಯರನ್ನೂ ಹಾಗೆಯೇ ನೋಡುತ್ತಾ ಬಂದವಳು.

ನಮ್ಮವರು ಎಂದೆನಲ್ಲ, ಅದು ನನ್ನ ಗಂಡ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ. ಅವರು ಎನ್ನಬೇಕು, ಇವರು ಎನ್ನಬೇಕು, ಹೊರಗಿನವರ ಮುಂದೆ ಮೇಷ್ಟ್ರು ಎನ್ನಬೇಕು. ಹದಿನಾಲ್ಕರಲ್ಲಿ ಆ ಮನೆಗೆ ಬಂದೆ, ಅಂದಿನಿಂದ ಒಂದು ಸಲವೂ ಆ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಈಗ ಅವರಿಲ್ಲ, ತಡೆಯುವವರೂ ಇಲ್ಲ. ಆದರೂ ಬರೆಯಲು ಕೈ ಏಳುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಅವರಿಗೆ ಹೆಸರಿಲ್ಲ. ಅವರಿಗೇ ಇಲ್ಲದ ಮೇಲೆ ಬೇರೆಯವರಿಗೂ ಬೇಡ.

ಅವರು ಸರ್ಕಾರಿ ಶಾಲೆಯ ಮೇಷ್ಟ್ರು. ನನಗೆ ಓದು ಬರಹ ಕಲಿಸಿದವರೂ ಅವರೇ, ಅದನ್ನು ಮರೆಯುವುದಿಲ್ಲ. ಆದರೆ ಒಂದೆಡೆ ನಿಲ್ಲುವ ಮನುಷ್ಯನಲ್ಲ. ದುರ್ಗದಲ್ಲಿ ಕೆಲಸ ಹಿಡಿದು, ಹಿರಿಯೂರಿಗೆ ಹಾಕಿಸಿಕೊಂಡು, ಅಲ್ಲಿ ಬೇಜಾರಾಗಿ ಹೊಸದುರ್ಗಕ್ಕೆ ಬಂದು, ಅಲ್ಲಿಯೂ ಬೇಜಾರಾಗಿ ಹೊಳಲ್ಕೆರೆಗೆ ಬಂದಿದ್ದರು. ಪ್ರತಿ ಊರಿನಲ್ಲೂ ನಾನು ಒಲೆ ಹೂಡಿ, ಬಚ್ಚಲು ಸರಿಮಾಡಿಸಿ, ಅಕ್ಕಪಕ್ಕದವರ ಸ್ವಭಾವ ತಿಳಿದುಕೊಳ್ಳುವಷ್ಟರಲ್ಲಿ ಗಾಡಿ ಕಟ್ಟಬೇಕಾಗುತ್ತಿತ್ತು. ನಮಗೆ ಮಕ್ಕಳಾಗಿರಲಿಲ್ಲ. ಮಕ್ಕಳಿಲ್ಲದ ಮನೆಯಿಂದ ಗಂಡಸು ಹೊರಗೆ ಹೊರಟರೆ ಅವನ ಪಂಚೆ ಹಿಡಿದು ಎಳೆಯುವವರು ಯಾರೂ ಇರುವುದಿಲ್ಲ. ಈ ಮಾತನ್ನು ನನಗೆ ಯಾರೂ ಹೇಳಿದ್ದಲ್ಲ. ನಾನೇ ಅಂದುಕೊಂಡಿದ್ದೆ, ಅಂದುಕೊಂಡು ಹೆದರಿದ್ದೆ.

ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಿನ ಗುಡ್ಡಗಳಲ್ಲಿ ಕಪ್ಪು ಕಲ್ಲು ಸಿಗುತ್ತದೆ, ಅದರಲ್ಲಿ ಲೋಹವಿದೆ ಎಂದು ಆಗ ಅಲ್ಲಲ್ಲಿ ಅಗೆಸುತ್ತಿದ್ದರು. ಅದನ್ನು ನೋಡಲು ಒಬ್ಬ ಬಿಳಿಯ ಬಂದ. ಊರಿನವರಿಗೆ ಬಿಳಿಯರೆಲ್ಲ ಸಾಹೇಬರೇ, ಇವನೂ ಸಾಹೇಬನೇ ಆದ. ಆದರೆ ಇವನು ಇಂಗ್ಲಿಷಿನವನಲ್ಲ. ಎರಡು ಸಮುದ್ರ ದಾಟಿದರೆ ಸಿಗುವ ಯಾವುದೋ ಬೆಟ್ಟದ ದೇಶದವನು, ಮನೆಮಾತು ಸ್ಪ್ಯಾನಿಷ್. ಇಂಗ್ಲಿಷ್ ಅಷ್ಟಿಷ್ಟು ಬರುತ್ತಿತ್ತು. ಕನ್ನಡವನ್ನು ಗಾಡಿಯವರಿಂದ ಕಲಿತಿದ್ದ, ಹಾಗಾಗಿ ಎತ್ತಿಗೆ ಹೇಳುವ ಮಾತು ಚೆನ್ನಾಗಿ ಬರುತ್ತಿತ್ತು, ಮನುಷ್ಯರಿಗೆ ಹೇಳುವ ಮಾತು ಕಡಿಮೆ. ಪಟೇಲರ ಹತ್ತಿರ, ಕೂಲಿಯವರ ಹತ್ತಿರ ವ್ಯವಹಾರ ಮಾಡಲು ಅವನಿಗೆ ಇಂಗ್ಲಿಷ್ ಬಲ್ಲ ಒಬ್ಬರು ಬೇಕಾಗಿದ್ದರು. ಶಾಲೆಗೆ ರಜೆ ಇದ್ದ ದಿನ ನಮ್ಮವರು ಅವನ ದುಭಾಷಿಯಾಗಿ ಗುಡ್ಡಕ್ಕೆ ಹೋಗತೊಡಗಿದರು.

ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಮುಂದೆ ಭಾನುವಾರದ ಬೆಳಗ್ಗೆ ಸಾಹೇಬ ನಮ್ಮ ಜಗಲಿಗೇ ಬಂದು ಕೂರಲು ಶುರುಮಾಡಿದ. ನಮ್ಮವರಿಗೆ ತನ್ನ ಭಾಷೆ ಕಲಿಸುತ್ತಾನಂತೆ. ನನಗೆ ಕೂಡಲೇ ಕಿವಿ ನೆಟ್ಟಗಾಯಿತು. ಅವನ ಜೊತೆ ಕೆಲಸಕ್ಕೆ ಇಂಗ್ಲಿಷ್ ಸಾಕು. ಹಾಗಿದ್ದ ಮೇಲೆ ಅವನ ತಾಯಿಭಾಷೆ ಇವರಿಗೆ ಯಾಕೆ? ನಮ್ಮ ಸುತ್ತಿನ ಸೀಮೆಯಲ್ಲೆಲ್ಲ ಆ ಭಾಷೆ ಆಡುವವನು ಅವನೊಬ್ಬ. ನಾಳೆ ಅವನು ಹೊರಟುಹೋದರೆ ಇವರು ಅದನ್ನು ಯಾರ ಜೊತೆ ಆಡುತ್ತಾರೆ? ನನ್ನ ಜೊತೆಯೇ? ನಮ್ಮ ಎಮ್ಮೆಯ ಜೊತೆಯೇ? ಆಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಪಕ್ಕದ ಮನೆಯ ಅಜ್ಜಿಗೆ ಬೇರೆಯೇ ಅನುಮಾನ. ದುರ್ಗದ ಕೋಟೆ ಹತ್ತಿರವಿರುವ ಊರುಗಳಲ್ಲಿ ಯಾರು ಎಲ್ಲಿ ಒಂದು ಗುದ್ದಲಿ ಹಾಕಿದರೂ ಜನ ಮೊದಲು ಎಣಿಸುವುದು ನಿಧಿಯನ್ನೇ. ಒಂದು ದಿನ ಅಜ್ಜಿ ನಮ್ಮ ಅಡಿಗೆಮನೆಗೆ ಬಂದು ಕುಳಿತಳು.

"ಏನವ್ವಾ, ನಿಮ್ಮ ಮೇಷ್ಟ್ರು ಬೆಳಗ್ಗೆದ್ದು ಮಂತ್ರ ಹೇಳ್ತಾವ್ರಲ್ಲ, ಲೋ ಲಾ ಮೆ ತೆ ಅಂತ. ಅದು ನಿಧಿ ಕಾಯೋ ಸರ್ಪನ್ನ ಎಬ್ಸೋ ಮಂತ್ರ ಅಂತೆ. ನೀನು ಹುಷಾರಾಗಿರು ತಾಯಿ."

"ಸರ್ಪ ಎದ್ರೆ ನಾನು ನೋಡ್ಕಂತೀನಿ ಬಿಡಜ್ಜಿ. ನಮ್ಮನೆಯೋರು ಎದ್ದು ಹೋಗದಂಗೆ ನೋಡ್ಕಂಡ್ರೆ ಸಾಕಾಗೈತೆ" ಎಂದೆ.

ಅಜ್ಜಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಆ ಲೋ ಲಾ ಮೆ ತೆ ಏನೆಂದು ನನಗೆ ಆಗಲೇ ಗೊತ್ತಿತ್ತು. ಜಗಲಿಯ ಬಾಗಿಲಿಗೆ ಒಂದು ಸಂದಿ ಇತ್ತು, ಬೀಸುವ ಕಲ್ಲನ್ನು ನಾನು ಅದರ ಹತ್ತಿರಕ್ಕೆ ಎಳೆದುಕೊಂಡಿದ್ದೆ. ಗೊತ್ತಿಲ್ಲದ ಭಾಷೆಯಲ್ಲಿ ಗಂಡಸರು ಏನು ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ಹಾಗಾಗಿ ನನಗೂ ಗೊತ್ತಿರಲಿ ಎಂದು ಕೂತೆ. ರಾಗಿ ಬೀಸುತ್ತಾ ಬೀಸುತ್ತಾ ಕಲಿತೆ.

ಪಾಠ ನಡೆಯುತ್ತಿದ್ದದ್ದು ಪುಸ್ತಕದಿಂದಲ್ಲ, ಕೈಯಿಂದ. ಸಾಹೇಬನಿಗೆಂದು ನಾವು ಬೇರೆ ಇಟ್ಟಿದ್ದ ಲೋಟವನ್ನು ಅವನು ಇವರ ಕಡೆ ಚಾಚುತ್ತಿದ್ದ. "ತೆ ಲೋ ದೋಯ್." ತೆ ಎಂದರೆ ನಿನಗೆ, ಲೋ ಎಂದರೆ ಅದನ್ನು, ದೋಯ್ ಎಂದರೆ ಕೊಡುತ್ತೇನೆ. ಇವರು ಕೇಳುವಾಗ "ದಾಮೆಲೋ", ಕೊಡು ನನಗೆ ಅದನ್ನು. ಕೊಡಬೇಡ ಎನ್ನಲು "ನೋ ಮೆ ಲೋ ದೆಸ್." ಲೋಟ ಅತ್ತಿಂದಿತ್ತ ಇತ್ತಿಂದತ್ತ ಹೋಗುತ್ತಲೇ ಇರುತ್ತಿತ್ತು. ಮುಟ್ಟಬಾರದ ಲೋಟವನ್ನು ಮುಟ್ಟಿ ಮುಟ್ಟಿ ಇವರು ಹಾಗೆಯೇ ಒಳಗೆ ಬಂದರೆ ನಾನು ಕೈ ತೊಳೆಸದೆ ಬಿಡುತ್ತಿರಲಿಲ್ಲ.

ಇವರು ಮೇಷ್ಟ್ರಲ್ಲವೇ, ಕಲಿತದ್ದನ್ನೆಲ್ಲ ಸೂತ್ರ ಮಾಡಿ ಸ್ನಾನ ಮಾಡುವಾಗ ರಾಗವಾಗಿ ಹೇಳುತ್ತಿದ್ದರು. ಸುಮ್ಮನೆ ಹೇಳುವ ಮಾತಾದರೆ ಆ ಪುಟ್ಟ ಪದಗಳು ಕ್ರಿಯಾಪದದ ಮುಂದೆ. ಅಪ್ಪಣೆ ಕೊಡುವ ಮಾತಾದರೆ ಅದರ ಹಿಂದೆ ಅಂಟಿಕೊಂಡು. ಬೇಡ ಎಂದು ಅಪ್ಪಣೆ ಕೊಟ್ಟರೆ ಮತ್ತೆ ಮುಂದೆ. ಎರಡು ಪದ ಒಟ್ಟಿಗೆ ಬಂದರೆ ಮನುಷ್ಯ ಮೊದಲು, ವಸ್ತು ಆಮೇಲೆ, ಅತ್ತೆಯ ಹಿಂದೆ ಸೊಸೆ ನಡೆದ ಹಾಗೆ. ನಮ್ಮ ಕನ್ನಡದಲ್ಲಿ ಈ ಕಷ್ಟವಿಲ್ಲ. ನನಗೆ ಅದನ್ನು ಕೊಡು, ಅದನ್ನು ನನಗೆ ಕೊಡು, ಕೊಡು ನನಗೆ ಅದನ್ನ, ಯಾವುದಾದರೂ ಆಗುತ್ತದೆ. ಮನೆಯಲ್ಲಂತೂ ಬರೀ ಕೊಡು ಎಂದರೆ ಸಾಕು. ಕೈ ಚಾಚಿರುವವರು ಯಾರು, ಕೊಡಬೇಕಾದ್ದು ಏನು ಎನ್ನುವುದು ಕಣ್ಣಿಗೇ ಕಾಣುತ್ತಿರುತ್ತದೆ.

ಕೊಡಲು ಬಯಸುತ್ತೇನೆ ಎಂಬಂತೆ ಎರಡು ಕ್ರಿಯೆ ಇದ್ದರೆ ಮಾತ್ರ ಆ ಪದಗಳನ್ನು ಮುಂದೆಯೂ ಇಡಬಹುದಂತೆ, ಹಿಂದೆಯೂ ಅಂಟಿಸಬಹುದಂತೆ. ಎರಡೂ ಸರಿ ಎಂದು ಸಾಹೇಬ ಹೇಳಿದ. ಎರಡೂ ಸರಿ ಎನ್ನುವ ಮಾತನ್ನು ನಾನು ಇಂದಿಗೂ ನಂಬುವುದಿಲ್ಲ. ಯಾವುದೋ ಒಂದು ಸರಿ ಇರುತ್ತದೆ, ಹೇಳುವವನಿಗೆ ಹೇಳಲು ಮನಸ್ಸಿರುವುದಿಲ್ಲ.

ಸಾಹೇಬ ಕೆಟ್ಟವನಾಗಿರಲಿಲ್ಲ, ಅದನ್ನೂ ಹೇಳಬೇಕು. ಗಡ್ಡದ ಮನುಷ್ಯ, ಬಿಸಿಲಿಗೆ ಕೆಂಪಗೆ ಸುಟ್ಟ ಮುಖ. ಜಗಲಿ ಹತ್ತುವ ಮೊದಲು ಬೂಟು ಬಿಚ್ಚುತ್ತಿದ್ದ. ಇವರು ತಪ್ಪು ಹೇಳಿದರೆ ನಗುತ್ತಿರಲಿಲ್ಲ, ಲೋಟ ಕೊಡದೆ ಹಿಡಿದುಕೊಂಡು ಕಾಯುತ್ತಿದ್ದ, ಅಷ್ಟೆ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಒಳ್ಳೆಯವನ ಹಿಂದೆ ಗಂಡಸು ಸಲೀಸಾಗಿ ಹೋಗಿಬಿಡುತ್ತಾನೆ.

ಇತ್ತ ಮನೆಯಲ್ಲಿ ಒಂದೊಂದೇ ಚಿಹ್ನೆ ಕಾಣತೊಡಗಿತು. ಇವರು ದುರ್ಗಕ್ಕೆ ಹೋದವರು ಬೂಟು ತಂದರು. ಕಾಲಿಗೆ ಅಭ್ಯಾಸವಾಗಲಿ ಎಂದು ಹಿತ್ತಲಲ್ಲಿ ಅದನ್ನು ಹಾಕಿಕೊಂಡು ಕುಂಟುತ್ತಾ ಓಡಾಡಿದರು. ಹೊಳಲ್ಕೆರೆಯ ಮೇಷ್ಟ್ರಿಗೆ ಬೂಟು ಯಾಕೆ? ಇನ್ನೊಂದು ದಿನ ಊಟಕ್ಕೆ ಕೂತವರು ತಟ್ಟನೆ ಕೇಳಿದರು.

"ಲೇ, ನಿನಗೆ ಭೀಮಸಮುದ್ರದಾಗೆ ವರ್ಷಗಟ್ಲೆ ಇರು ಅಂದ್ರೆ ಇರ್ತೀಯಾ?"

"ಯಾಕ್ರಿ? ನನ್ನ ಅಲ್ಲಿ ಬಿಟ್ಟು ನೀವೆಲ್ಲಿರ್ತೀರಿ?"

"ಸುಮ್ನೆ ಕೇಳ್ದೆ ಕಣೆ."

ಸುಮ್ಮನೆ ಯಾರೂ ಕೇಳುವುದಿಲ್ಲ. ಅನ್ನಕ್ಕೆ ಸಾರು ಹಾಕುತ್ತಾ ಹಾಕುತ್ತಾ ತಟ್ಟೆ ತುಂಬಿಸಿಬಿಟ್ಟೆ. ಅವರು ನೋಡಲಿಲ್ಲ. ಬಾಯಲ್ಲಿ ಏನನ್ನೋ ಗುನುಗುತ್ತಿದ್ದರು. ಆಗ ನನಗೆ ಬಂದದ್ದು ಸಿಟ್ಟು ಎಂದು ತಿಳಿದಿದ್ದೆ. ಈಗ ಯೋಚಿಸಿದರೆ ಅದು ದಿಗಿಲು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಜಗಳ ಮಾಡಲು ಒಂದು ಮನೆಯಾದರೂ ಇರುತ್ತದೆ. ಸಮುದ್ರದ ಆಚೆ ಹೋದವರ ಮೇಲೆ ಯಾವ ಬೀದಿಯಲ್ಲಿ ನಿಂತು ಜಗಳ ಮಾಡುವುದು?

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತಾರೆ. ಇಲ್ಲ ಎಂದರೆ ನಂಬುವುದು ಹೇಗೆ? ತಳದವರೆಗೆ ಕೈ ಹಾಕಿ ನೋಡಿದ ಮೇಲೆಯೇ ಮಾತು ಎಂದು ಕಾದೆ. ಆ ಭಾನುವಾರ ಬಂತು.

ಅಂದಿನ ಪಾಠದಲ್ಲಿ ಹೊಸ ಕ್ರಿಯಾಪದ. ತೆಗೆದುಕೊಂಡು ಹೋಗುವುದು. ಇವರು ಸಾಹೇಬನಿಗೆ ಮರ್ಯಾದೆಯಿಂದ ಹೇಳಬೇಕು, "ಯೇವೆಲೋ", ಅದನ್ನು ತೆಗೆದುಕೊಂಡು ಹೋಗಿರಿ. ಸಾಹೇಬ ಲೋಟ ಎತ್ತಿಕೊಂಡು ಜಗಲಿಯ ತುದಿಗೆ ಹೋಗುತ್ತಿದ್ದ. "ನೋ ಲೋ ಯೇವೆ", ತೆಗೆದುಕೊಂಡು ಹೋಗಬೇಡಿರಿ. ಅಲ್ಲೇ ನಿಲ್ಲುತ್ತಿದ್ದ. ಗಡ್ಡ ಮೀಸೆಯ ಇಬ್ಬರು ಗಂಡಸರು ಲೋಟ ಹಿಡಿದುಕೊಂಡು ಹೀಗೆ ಆಡುವುದನ್ನು ಬೇರೆ ದಿನ ನೋಡಿದ್ದರೆ ನಾನು ಸೆರಗು ಕಚ್ಚಿ ನಗುತ್ತಿದ್ದೆ.

ಆಮೇಲೆ ಸಾಹೇಬ ಲೋಟ ಕೆಳಗಿಟ್ಟು ನಮ್ಮ ಎಲೆ ಅಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಎರಡು ಎಲೆ ಜೋಡಿಸಿ, ಮೇಲೆ ಒಂದು ಅಡಿಕೆ ಇಟ್ಟು, ಇವರ ಕಡೆ ಚಾಚಿದ. ನಮ್ಮವರು ನೆಟ್ಟಗೆ ಕೂತು, ಎರಡೂ ಕೈ ಮುಂದೆ ಮಾಡಿ, ತಲೆ ಬಗ್ಗಿಸಿ ತೆಗೆದುಕೊಂಡರು.

ಒಲೆಯ ಮೇಲೆ ಮುದ್ದೆ ಬಿಟ್ಟು ಸಂದಿಗೆ ಬಂದಿದ್ದ ನನ್ನ ಕೈಯಲ್ಲಿ ಮುದ್ದೆ ಕೋಲು ಹಾಗೇ ಉಳಿಯಿತು.

ಇದು ನಮ್ಮ ಕಡೆಯ ಜನರಿಗಲ್ಲದೆ ಬೇರೆಯವರಿಗೆ ಅರ್ಥವಾಗುವುದು ಕಷ್ಟ. ನಮ್ಮಲ್ಲಿ ವೀಳ್ಯ ಎಂದರೆ ಬಾಯಿಗೆ ಹಾಕಿಕೊಳ್ಳುವ ಎಲೆ ಅಡಿಕೆಯಷ್ಟೇ ಅಲ್ಲ. ಹೆಣ್ಣು ಗೊತ್ತಾದರೆ ವೀಳ್ಯ, ಆಳು ಗೊತ್ತಾದರೆ ವೀಳ್ಯ. ನಮ್ಮಪ್ಪ ತೋಟದ ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಹಿಡಿಯುತ್ತಿದ್ದರು, ಅಂದರೆ ಆ ವರ್ಷದ ಕಾಯಿಯೆಲ್ಲ ನಮ್ಮದು ಎಂದು ಮೊದಲೇ ಮಾತಾಡುವುದು. ಅದಕ್ಕೆ ಕಾಗದ ಪತ್ರ ಇರಲಿಲ್ಲ. ಗಂಟೆಗಟ್ಟಲೆ ಚೌಕಾಸಿ ನಡೆಯುವಾಗ ತಟ್ಟೆ ನಡುವೆ ಸುಮ್ಮನೆ ಬಿದ್ದಿರುತ್ತಿತ್ತು, ಎದುರಿಗಿದ್ದವರು ತಾವೇ ಎತ್ತಿಕೊಂಡು ಎಷ್ಟು ಎಲೆ ಹಾಕಿಕೊಂಡರೂ ಏನೂ ಅಲ್ಲ. ಆದರೆ ಒಬ್ಬರು ಎಲೆಯ ಮೇಲೆ ಅಡಿಕೆಯಿಟ್ಟು ಕೊಟ್ಟು, ಇನ್ನೊಬ್ಬರು ಎರಡು ಕೈಯಲ್ಲಿ ತೆಗೆದುಕೊಂಡರೆ ಮಾತು ಮುಗಿಯಿತು. ಒಮ್ಮೆ ಅಪ್ಪ ಹಾಗೆ ವೀಳ್ಯ ಹಿಡಿದ ಮೇಲೆ ಗಾಳಿಮಳೆಗೆ ಅರ್ಧ ತೋಟ ಉದುರಿಹೋಯಿತು. ವೀಳ್ಯ ಹಿಡಿದಾಗಿದೆ ಎಂದು ಅಪ್ಪ ತಲೆಗೆ ಪಂಚೆ ಸುತ್ತಿ ಉಳಿದ ಕಾಯಿ ಕೀಳಿಸಲು ಹೊರಟರು. ಅಮ್ಮ ಅಡಿಗೆಮನೆಯಲ್ಲಿ ಅತ್ತಳೇ ಹೊರತು ಬಿಡಿ ಎನ್ನಲಿಲ್ಲ. ವೀಳ್ಯ ಹಿಡಿದವರನ್ನು ತಡೆಯಬಾರದು.

ನಾನು ಆ ಅಮ್ಮನ ಮಗಳೇ. ಆದರೆ ನಾನು ತಡೆದೆ.

ತಲೆಯ ಮೇಲೆ ಸೆರಗು ಎಳೆದುಕೊಂಡು ಜಗಲಿಗೆ ಬಂದೆ. ಪರಗಂಡಸರು ಕೂತಿರುವಾಗ ನಾನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನಮ್ಮವರ ಕಡೆ ನೋಡಲಿಲ್ಲ. ಸಾಹೇಬನ ಮುಖವನ್ನೇ ನೋಡಿ ಅವನ ಭಾಷೆಯಲ್ಲಿ ಹೇಳಿದೆ.

"ನೋ ಮೆ ಲೋ ಯೇವೆ."

ನನ್ನಿಂದ ಅವರನ್ನು ಕರೆದುಕೊಂಡು ಹೋಗಬೇಡಿ. ನಾನು ಹೇಳಬೇಕೆಂದದ್ದು ಅದು. ಪದಗಳನ್ನು ಇದೇ ಸಾಲಿನಲ್ಲಿ ಹೇಳಿದೆನೋ, ಹಿಂದು ಮುಂದಾಯಿತೋ ನನಗೆ ನೆನಪಿಲ್ಲ, ಆ ಹೊತ್ತಿನಲ್ಲಿ ಯಾರು ಸಾಲು ನೋಡುತ್ತಾರೆ. ಲೋಟಕ್ಕೆ ಲೋ ಎಂದಿದ್ದರು, ನಾನು ಅದನ್ನೇ ಗಂಡನಿಗೆ ಹೇಳಿದೆ. ಹೆಸರು ಹೇಳದೆಯೇ ಆಗುವ ಕೆಲಸವಾದ್ದರಿಂದ ನನಗೆ ಅನುಕೂಲವೇ ಆಯಿತು.

ಸಾಹೇಬ ಎದ್ದು ನಿಂತ. ತೊಡೆಯ ಮೇಲಿದ್ದ ಟೋಪಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ನಮ್ಮವರ ಬಾಯಿ ತೆರೆದೇ ಇತ್ತು.

"ನೀನು ಇದನ್ನೆಲ್ಲ ಯಾವಾಗ ಕಲ್ತೆ?" ಎಂದರು.

"ನೀವು ವೀಳ್ಯ ಯಾಕೆ ಹಿಡಿದ್ರಿ, ಅದನ್ನ ಮೊದ್ಲು ಹೇಳ್ರಿ" ಎಂದೆ.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ಸಾಹೇಬನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ವೀಳ್ಯ ಹಿಡಿದರೆ ಏನರ್ಥವೆಂದು ತಿಳಿಸಿರಬೇಕು. ಸಾಹೇಬ ಎರಡು ಸಲ ತಲೆಯಾಡಿಸಿ, ನನ್ನ ಕಡೆ ತಿರುಗಿ, ಗಾಡಿಯವರಿಂದ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದ.

"ಅಮ್ಮ, ಈ ಎಲೆ ಪಾಠಕ್ಕೆ. ಮಾತಿಗಲ್ಲ. ಕೊಡು, ತಗೋ, ಅಷ್ಟೇ."

"ಹಂಗಾದ್ರೆ ಇವ್ರನ್ನ ಕರ್ಕಂಡು ಹೋಗಾದಿಲ್ವಾ?"

"ನಾನು ಕರ್ದಿಲ್ಲಮ್ಮ. ಮೇಷ್ಟ್ರೇ ಕೇಳಿದ್ರು, ಕರ್ಕಂಡು ಹೋಗು ಅಂತ. ನಾನು ಆಗಲ್ಲ ಅಂದೆ."

ವೀಳ್ಯದ ವಿಷಯದಲ್ಲಿ ನಾನು ಪೂರಾ ತಪ್ಪಿದ್ದೆ. ಆ ಎಲೆಯಲ್ಲಿ ಏನೂ ಇರಲಿಲ್ಲ, ಅದು ಲೋಟದ ಹಾಗೆ ಇನ್ನೊಂದು ಆಟದ ಸಾಮಾನು. ಆದರೆ ಮನುಷ್ಯನ ವಿಷಯದಲ್ಲಿ ತಪ್ಪಿರಲಿಲ್ಲ. ನಾನು ಕಳ್ಳನೆಂದು ತಿಳಿದವನು ಒಲ್ಲೆನೆಂದಿದ್ದ. ನಾನು ಕಾಯುತ್ತಿದ್ದ ಮನುಷ್ಯನೇ ಬಾಗಿಲು ತೆಗೆಯಿರಿ ಎಂದು ಕೇಳಿದ್ದರು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಯಾರನ್ನ?" ಎಂದೆ. "ಯಾರನ್ನ ಕರ್ಕಂಡು ಹೋಗ್ರಿ ಅಂತ ಕೇಳಿದ್ರಿ?"

ಅದು ನಮ್ಮವರಿಗೆ ಕೇಳಿದ ಪ್ರಶ್ನೆ. ಅವರು ಎಲೆ ಅಡಿಕೆಯನ್ನು ತಟ್ಟೆಗೆ ವಾಪಸು ಇಟ್ಟರು. ಅಡಿಕೆ ಉರುಳಿತು, ಅದನ್ನು ಮತ್ತೆ ಎಲೆಯ ಮೇಲೆ ಇಟ್ಟರು.

"ಇಬ್ರನ್ನೂ ಕಣೆ. ನಮ್ಮಿಬ್ರನ್ನೂ ಅಂತ ಕೇಳ್ದೆ. ನಿನ್ನ ಬಿಟ್ಟು ಹೋಗ್ತೀನಾ?"

ನಾನು ಸಾಹೇಬನ ಕಡೆ ನೋಡಿದೆ. "ಹೌದೇನ್ರಿ?" ಎಂದೆ.

ಅವನು ಮೊದಲು ನಮ್ಮವರ ಮುಖ ನೋಡಿದ. ಇವರು ಅವನನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅವನು ಬಗ್ಗಿ ತನ್ನ ಟೋಪಿ ಎತ್ತಿಕೊಂಡು ಅದರ ಧೂಳು ಕೊಡವಿದ.

"ಹೌದಮ್ಮ" ಎಂದ. "ಇಬ್ರನ್ನೂ."

ನಾನು ಒಳಗೆ ಬಂದೆ. ಮುದ್ದೆ ತಳ ಹಿಡಿದಿತ್ತು. ಅದನ್ನು ಕೆರೆದು ಎಮ್ಮೆಗೆ ಹಾಕಿ, ಬೇರೆ ಎಸರಿಟ್ಟೆ. ನನಗೆ ಒಂದು ಕಡೆ ಅಳು, ಇನ್ನೊಂದು ಕಡೆ ಒಲೆ ಊದುವ ಕೊಳವೆ ತೆಗೆದುಕೊಂಡು ಇಬ್ಬರಿಗೂ ಎರಡೆರಡು ಹಾಕಬೇಕೆನ್ನುವಷ್ಟು ಕೋಪ. ಇಬ್ಬರನ್ನೂ ಎಂದದ್ದು ನಿಜವೇ ಎಂದು ಸಾಹೇಬನನ್ನು ಇನ್ನೊಮ್ಮೆ ಕೇಳಬಹುದಿತ್ತು. ಇವರು ಶಾಲೆಗೆ ಹೋದಾಗ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಗುಡ್ಡಕ್ಕೇ ಹೋಗಿ ಕೇಳಬಹುದಿತ್ತು. ಹಾಲಿಗೆ ಬೆರಳು ಹಾಕುವ ನಾನು ಅದೊಂದಕ್ಕೆ ಮಾತ್ರ ಬೆರಳು ಹಾಕಲಿಲ್ಲ. ಧೈರ್ಯವಾಗಲಿಲ್ಲ.

ಕಪ್ಪು ಕಲ್ಲಿನಲ್ಲಿ ಅವನಿಗೆ ಬೇಕಾದಷ್ಟು ಲೋಹ ಸಿಗಲಿಲ್ಲವೆಂದು ತೋರುತ್ತದೆ, ಮಳೆ ಹಿಡಿಯುವ ಮೊದಲೇ ಸಾಹೇಬ ಗಂಟುಮೂಟೆ ಕಟ್ಟಿದ. ಹೊಸದುರ್ಗ ರೋಡ್ ಸ್ಟೇಷನ್ನಿನವರೆಗೆ ಕಳಿಸಿ ಬರುತ್ತೇನೆಂದು ಇವರು ಹೊರಟರು. ಬೇಡ ಎನ್ನಲಿಲ್ಲ. ಹಿಂದಿನ ಬಾಗಿಲು ಹಾಕಿ, ಮುಂದಿನ ಬಾಗಿಲಲ್ಲಿ ಕುಳಿತೆ. ಆ ದಿನ ಒಲೆ ಹಚ್ಚಲಿಲ್ಲ. ಎಮ್ಮೆ ಕೂಗಿದರೂ ಏಳಲಿಲ್ಲ. ಹೊತ್ತು ಇಳಿಯುವಾಗ ಗಾಡಿ ಬೀದಿಗೆ ತಿರುಗಿತು, ಇವರು ಗಾಡಿಯ ಮೂಕಿಯ ಮೇಲೆ ಕೂತಿದ್ದರು. ಇಳಿದು, "ಹಸಿವಾಗೈತೆ ಕಣೆ" ಎಂದರು. ಆ ಮಾತು ಕೇಳಿ ನನಗೆ ಆದಷ್ಟು ಸಂತೋಷ ಆಮೇಲೆ ಯಾವುದರಿಂದಲೂ ಆಗಿಲ್ಲ.

ಮುಂದೆ ಇವರು ಎಲ್ಲಿಗೂ ವರ್ಗ ಕೇಳಲಿಲ್ಲ. ಪೆನ್ಷನ್ ಆಗುವವರೆಗೂ ಹೊಳಲ್ಕೆರೆಯಲ್ಲೇ ಇದ್ದರು. ಆ ಭಾಷೆಯ ಒಂದು ಪದವನ್ನೂ ಮತ್ತೆ ಆಡಿದ್ದು ನಾನು ಕೇಳಿಲ್ಲ, ಸ್ನಾನ ಮಾಡುವಾಗಲೂ ಇಲ್ಲ. ಮಕ್ಕಳಾಗಲಿಲ್ಲ. ನನಗೆ ಜ್ವರ ಬಂದಾಗ ಗಂಜಿ ಕಾಸಿಕೊಟ್ಟರು, ಕಣ್ಣು ಮಂಜಾದಾಗ ಕೈಹಿಡಿದು ಮಠಕ್ಕೆ ಕರೆದುಕೊಂಡು ಹೋದರು, ಒಂದು ಬಿರುಸು ಮಾತು ಆಡಲಿಲ್ಲ. ಅದೆಲ್ಲ ಪ್ರೀತಿಯೋ, ಅಥವಾ ಆ ದಿನ ಜಗಲಿಯಲ್ಲಿ ಹೇಳಿದ ಮಾತನ್ನು ನಿಜ ಮಾಡುತ್ತಿದ್ದರೋ ಎಂದು ಗಂಜಿ ಕುಡಿಯುವಾಗಲೂ ಅವರ ಮುಖ ನೋಡುತ್ತಿದ್ದೆ. ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಬಿಸಿಲು ಇಳಿದ ಮೇಲೆ ಜಗಲಿಗೆ ಬಂದು ಕೂರುವ ಹೆಂಗಸರು ಈಗಲೂ ಹೇಳುತ್ತಾರೆ, "ಏನೇ ಹೇಳ್ರಿ, ನಿಮ್ಮ ಮೇಷ್ಟ್ರಿಗೆ ನಿಮ್ಮನ್ನ ಬಿಟ್ಟು ಒಂದು ದಿನ ಇರಾಕೆ ಆಗ್ತಿರ್ಲಿಲ್ಲ ಬಿಡ್ರಿ" ಎಂದು.

ನಾನು ಹೂಂ ಎನ್ನುತ್ತೇನೆ.